ಗಾಡಿ ಚೆನ್ನಾಗಿಯೇ ಇತ್ತು

ಕೆಲಮಂಗಲದ ಬಸ್ ನಿಲ್ದಾಣದ ಹತ್ತಿರ ಒಂದು ಟೀ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆ ನಾವು ನಾಲ್ಕೈದು ಮಂದಿ ಸೇರುತ್ತೇವೆ. ಎಲ್ಲರೂ ಅರವತ್ತು ದಾಟಿದವರು. ಟೊಮೆಟೊ ಬೆಲೆ, ಮಳೆ, ಯಾರ ಮಗಳಿಗೆ ಎಲ್ಲಿ ಗಂಡು ನೋಡಿದರು ಎಂಬ ಮಾತುಗಳು ಮುಗಿದು ಎರಡನೆಯ ಟೀ ಬರುವ ಹೊತ್ತಿಗೆ ಮಾತು ತಾನಾಗಿಯೇ ಹಳೆಯ ಮೋಟಾರ್ ಸೈಕಲ್ಲುಗಳ ಕಡೆಗೆ ಹೊರಳುತ್ತದೆ. ಒಬ್ಬರಿಗೆ ಬುಲೆಟ್ ಇತ್ತು, ಒಬ್ಬರಿಗೆ ರಾಜದೂತ್, ಮತ್ತೊಬ್ಬರು ತಡವಾಗಿ ಯಮಾಹಾ ಆರ್‌ಎಕ್ಸ್ 100 ಕೊಂಡವರು. ನಮ್ಮ ಮನೆಯಲ್ಲಿ ಇದ್ದದ್ದು ಯೆಜ್ಡಿ. ಇದ್ದದ್ದು ಎಂದೆ, ಈಗಲೂ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದೆ.

ಅಮೆರಿಕದಲ್ಲಿಯೂ ನಮ್ಮಂಥ ಮುದುಕರಿದ್ದಾರೆ. ಅವರು ನೆನೆಯುವುದು ‘ಮಸಲ್ ಕಾರು’ಗಳನ್ನು. 1964ರಲ್ಲಿ ಪಾಂಟಿಯಾಕ್ ಎಂಬ ಹೆಸರಿನಡಿ ಜಿಟಿಓ ಎಂಬ ಕಾರು ಬಂತು. ಮಧ್ಯಮ ಗಾತ್ರದ ಒಡಲಿಗೆ ಆರು ಲೀಟರಿಗೂ ಮೀರಿದ ಎಂಜಿನ್ನನ್ನು ಕೂಡಿಸಿದ್ದರು. ಅದೇ ವರ್ಷ ಫೋರ್ಡಿನವರ ಮಸ್ಟಾಂಗ್ ಬಂತು. ಹತ್ತು ವರ್ಷ ತುಂಬುವುದರೊಳಗೆ, 1970ರ ಶುದ್ಧ ಗಾಳಿಯ ಕಾಯಿದೆ ಮತ್ತು 1973ರ ತೈಲದ ಬಿಕ್ಕಟ್ಟು ಸೇರಿ ಆ ವೈಭವವನ್ನು ಅಡಗಿಸಿದವು. ಅಂಥ ಕಾರನ್ನು ನಾನು ಕಣ್ಣಿನಿಂದ ನೋಡಿದವನಲ್ಲ. ಆದರೂ ಅವರ ಹಂಬಲ ಅರ್ಥವಾಗುತ್ತದೆ. ಆರು ಲೀಟರಿನ ಎಂಜಿನ್ನಿಗೂ ಇನ್ನೂರೈವತ್ತು ಸಿಸಿಯ ಎಂಜಿನ್ನಿಗೂ ಅಜಗಜಾಂತರವಿರಬಹುದು. ಇಪ್ಪತ್ತು ವರ್ಷದ ಹುಡುಗನ ಎದೆಯಲ್ಲಿ ಎರಡೂ ಮಾಡುವ ಸದ್ದು ಒಂದೇ.

ಯೆಜ್ಡಿಯನ್ನು ಕಾಣದ ಕಿರಿಯರಿಗಾಗಿ ನಾಲ್ಕು ಮಾತು. ಚೆಕ್ ದೇಶದ ಜಾವಾ ಕಂಪನಿಯ ಒಪ್ಪಂದದಿಂದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹುಟ್ಟಿತು. 1961ರಲ್ಲಿ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಮೊದಲು ಜಾವಾ ಎಂದೇ ಇದ್ದ ಹೆಸರು ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂದಾಯಿತು. ಒಂದೇ ಸಿಲಿಂಡರು, ಆದರೆ ಎಡಕ್ಕೊಂದು ಬಲಕ್ಕೊಂದು ಜೋಡಿ ಸೈಲೆನ್ಸರು. ಗೇರಿನ ಕೋಲನ್ನೇ ಮಡಚಿ ಮೇಲೆತ್ತಿದರೆ ಅದೇ ಕಿಕ್ಕರು. ಹೊಸಬನಿಗೆ ಗಾಡಿ ಕೊಟ್ಟು, ಅವನು ಕಿಕ್ಕರು ಎಲ್ಲಿದೆ ಎಂದು ಹುಡುಕುವುದನ್ನು ನೋಡುವುದು ನಮಗೊಂದು ಮೋಜು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಆಗಾಗ ಸೈಲೆನ್ಸರು ಬಿಚ್ಚಿ ಒಳಗಿನ ಕರಿ ಕೆರೆಯಬೇಕು. ಎರಡು ಸ್ಟ್ರೋಕಿನ ಎಂಜಿನ್ನಿನ ಗುಣವೆಂದರೆ, ಒಳಗೆ ಬರುವ ಹೊಸ ಉಸಿರೇ ಹಳೆಯ ಹೊಗೆಯನ್ನು ಹೊರಕ್ಕೆ ತಳ್ಳುತ್ತದೆ. ಹಾಗೆ ತಳ್ಳುವಾಗ ಉರಿಯದ ಪೆಟ್ರೋಲೂ ಒಂದಿಷ್ಟು ಜೊತೆಗೇ ಹೊರಟುಹೋಗುತ್ತದೆ. ನಾವು ಪರಿಮಳ ಎಂದು ಮೂಗರಳಿಸುತ್ತಿದ್ದ ಆ ನೀಲಿ ಹೊಗೆ ವಾಸ್ತವದಲ್ಲಿ ನಮ್ಮ ದುಡ್ಡೂ ಊರಿನ ಗಾಳಿಯೂ ಕೂಡಿಯೇ ಕೆಡುತ್ತಿದ್ದ ಹೊಗೆ.

ನಮ್ಮ ಸೀಮೆಯ ಕನ್ನಡಿಗರಿಗೆ ಈ ಗಾಡಿಯ ಮೇಲೆ ಇನ್ನೊಂದು ಮಮಕಾರವೂ ಇತ್ತು. 1956ರಲ್ಲಿ ನೀವು ಕಾಸರಗೋಡಿನವರು ಕೇರಳಕ್ಕೆ ಸೇರಿದಿರಿ; ನಾವು ಹೊಸೂರು ಸೀಮೆಯವರು ಮದರಾಸಿನಲ್ಲೇ ಉಳಿದೆವು. ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ ಎಂದು ಜಿಲ್ಲೆಯ ಹೆಸರು ಬದಲಾಗುತ್ತ ಬಂತು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಅಣ್ಣ 1983ರಲ್ಲಿ ಒಂದು ಜೊತೆ ಎತ್ತು ಮಾರಿ ಆ ಹಳೆಯ ಯೆಜ್ಡಿ ತಂದಾಗ ಅಪ್ಪ ಅದನ್ನು ಸುತ್ತಿ ಬಂದು, “ಹುಟ್ಟಿದ್ದು ಮೈಸೂರಲ್ಲಿ, ನಂಬರು ತಮಿಳುನಾಡಿನದು, ನಮ್ಮಂಗೇ ಐತೆ” ಎಂದಿದ್ದರು. ಎತ್ತು ಮಾರಿದ ಕೋಪ ಅಷ್ಟಕ್ಕೇ ಮುಗಿದಿತ್ತು.

ಆ ಮಮಕಾರಕ್ಕೆ ನಾನು ಎಷ್ಟು ನಿಷ್ಠನಾಗಿದ್ದೆ ಎಂದು ಕೇಳಿದರೆ ಉತ್ತರ ಮುಜುಗರದ್ದು. 1984ರಲ್ಲಿ ಹೊಸೂರಿನಿಂದಲೇ ಇಂಡ್–ಸುಝುಕಿ ಎಂಬ ನೂರು ಸಿಸಿಯ ಹಗುರ ಗಾಡಿ ಹೊರಟಿತು. ಮರುವರ್ಷ ಹೀರೋ ಹೋಂಡಾ, ಆರ್‌ಎಕ್ಸ್ 100. ಕಡಿಮೆ ಕುಡಿಯುವ, ಹಗುರವಾದ ಈ ಗಾಡಿಗಳ ಎದುರು ಯೆಜ್ಡಿ ಬಡವಾಯಿತು. ಹೊಗೆಯ ಮೇಲಿನ ನಿಯಮ 1991ರಲ್ಲಿ ಮೊದಲು ಬಂದು 1996ರಲ್ಲಿ ಬಿಗಿಯಾಯಿತು. ಆ 1996ರಲ್ಲೇ ಮೈಸೂರಿನ ಕಾರ್ಖಾನೆ ಮುಚ್ಚಿತು. ಅಷ್ಟರಲ್ಲಿ ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಹತ್ತು ವರ್ಷದ ನೌಕರ. ನಮ್ಮ ಲೇತುಗಳಲ್ಲಿ ತಿರುಗುತ್ತಿದ್ದ ಬಿಡಿಭಾಗಗಳು ಹೋಗುತ್ತಿದ್ದದ್ದು ಯೆಜ್ಡಿಯನ್ನು ಕೊಂದ ಗಾಡಿಗಳಿಗೇ. ಆ ಸಂಬಳದಲ್ಲಿ ಮಕ್ಕಳನ್ನು ಓದಿಸಿದೆ. ಅದೇ ಸಂಬಳದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯೆಜ್ಡಿಗೆ ಬೇಕಾದ ಸಾಮಾನು ಹುಡುಕಿದೆ. ಇದರಲ್ಲಿ ದ್ರೋಹವಿದೆ ಎಂದು ನನಗನ್ನಿಸುವುದಿಲ್ಲ. ಅನ್ನ ಕೊಟ್ಟದ್ದು ಒಂದು, ಹರೆಯ ಕೊಟ್ಟದ್ದು ಇನ್ನೊಂದು; ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಹಟ ಏಕೆ?

ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ನಾವು ಹಳೆಯದನ್ನು ನೆನೆಯುವಾಗ ಬಿಟ್ಟುಬಿಡುವ ಮಾತು ಸುಳ್ಳಿನ ಲೆಕ್ಕಕ್ಕೆ ಸೇರುತ್ತದೆಯೇ?

ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ರಥದ ಪ್ರಶ್ನೆ ಹಾಕಿದ್ದು ಬಲ್ಲವರಿಗೆ ಗೊತ್ತು: ಚಕ್ರವೇ ರಥವೇ, ಅಚ್ಚೇ ರಥವೇ, ನೊಗವೇ ರಥವೇ? ನಮ್ಮ ಯೆಜ್ಡಿಗೂ ಅದೇ ಪ್ರಶ್ನೆ ಸಲ್ಲುತ್ತದೆ. ಪಿಸ್ಟನ್ ಎರಡು ಸಲ ಬದಲಾಗಿದೆ, ಸೀಟು ಹೊಸದು, ಸೈಲೆನ್ಸರು ಯಾವುದೋ ಗುಜರಿ ಗಾಡಿಯದು. ಆದರೂ ಅದನ್ನು ಅಣ್ಣನ ಗಾಡಿ ಎನ್ನುತ್ತೇವೆ. ಅಣ್ಣ ತೀರಿಕೊಂಡು ಹನ್ನೆರಡು ವರ್ಷವಾದ ಮೇಲೂ ಎನ್ನುತ್ತೇವೆ. ನೆನಪೂ ಹೀಗೇ, ಬಿಡಿಭಾಗ ಬದಲಾಯಿಸುತ್ತ ಓಡುವ ಗಾಡಿ. ಅಷ್ಟರ ಮಟ್ಟಿಗೆ ಯಾರನ್ನೂ ದೂರುವಂತಿಲ್ಲ. ಆದರೆ ಬೇಕೆಂದೇ ಒಂದು ಭಾಗವನ್ನು ಬಿಚ್ಚಿ ಬಚ್ಚಿಟ್ಟರೆ?

1985ರ ದಸರೆ. ಮರುದಿನ ನಸುಕಿನಲ್ಲಿ ಅಣ್ಣನೂ ನಾನೂ ಮೈಸೂರಿಗೆ ಹೊರಡುವವರಿದ್ದೆವು. ಆ ಪಯಣದ ಕಥೆಯನ್ನು ನಾನು ಟೀ ಅಂಗಡಿಯಲ್ಲಿ ನೂರು ಸಲ ಹೇಳಿದ್ದೇನೆ: ಚಳಿಗಾಳಿ, ಮದ್ದೂರಿನಲ್ಲಿ ತಿಂದ ವಡೆ, ಗಾಡಿ ತನ್ನ ತವರಿಗೆ ಬಂತೆಂದು ಅಣ್ಣ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಿಸಿ ಹಾರನ್ ಹೊಡೆದದ್ದು. ಕೇಳಿದವರೆಲ್ಲ ನಗುತ್ತಾರೆ. ಹೊರಡುವ ಹಿಂದಿನ ಸಂಜೆಯನ್ನು ಮಾತ್ರ ನಾನು ಎಂದೂ ಹೇಳಿರಲಿಲ್ಲ.

ಆ ಸಂಜೆ ಅಣ್ಣ ಟ್ಯಾಂಕು ತುಂಬಿಸಿ ತಂದು, ಗಾಡಿ ತೊಳೆದು ಒರೆಸಿ, ದೇವಸ್ಥಾನಕ್ಕೆ ಹೋಗಿದ್ದ. ಕತ್ತಲಾಗುತ್ತಿತ್ತು. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಒಬ್ಬರ ಮಗ, ಹನ್ನೆರಡರ ಹುಡುಗ, ಓಡುತ್ತ ಬಂದು ಅಂಗಳದ ಆಚೆಯೇ ನಿಂತ. “ಅಣ್ಣಾ, ರಾಗಿ ಹೊಲದಲ್ಲಿ ಅಪ್ಪಂಗೆ ಹಾವು ಕಚ್ಚೈತೆ. ಗಾಡೀಲಿ ಆಸ್ಪತ್ರೆಗೆ ಬಿಡಣ್ಣಾ.”

ಗಾಡಿ ನನ್ನ ಬೆನ್ನ ಹಿಂದೆಯೇ ಮಿಂಚುತ್ತಿತ್ತು. ನಾನು ಹೇಳಿದೆ: “ಪೆಟ್ರೋಲ್ ಇಲ್ಲಪ್ಪಾ.”

ಯಾಕೆ ಹಾಗೆ ಹೇಳಿದೆ? ಇಷ್ಟು ವರ್ಷ ಹಲವು ಉತ್ತರ ಕೊಟ್ಟುಕೊಂಡಿದ್ದೇನೆ. ಅಣ್ಣನಿಗೆ ಹೇಳದೆ ಗಾಡಿ ತೆಗೆಯಲು ಹೆದರಿದೆ. ರಾತ್ರಿ ಓಡಿಸುವ ಅಭ್ಯಾಸವಿರಲಿಲ್ಲ. ಎರಡರಲ್ಲೂ ಸ್ವಲ್ಪ ನಿಜವಿದೆ. ಪೂರ್ತಿ ನಿಜವೆಂದರೆ, ತೊಳೆದು ಇಟ್ಟ ಗಾಡಿ. ಹೊಲದ ಕೆಸರು ಮೆತ್ತಿದ, ವಾಂತಿ ಮಾಡಿಕೊಳ್ಳಬಹುದಾದ ಮನುಷ್ಯ. ಆ ಮನುಷ್ಯ ಕೇರಿಯವರು. ನಮ್ಮ ಜಗುಲಿಯ ಮೇಲೆ ಕೂರದವರು ನನ್ನ ಬೆನ್ನಿಗೆ ಒರಗಿ ಕೂರುವುದು ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ಬರಲಿಲ್ಲ, ಬಂದರೂ ಒಗ್ಗಲಿಲ್ಲ. ಹುಡುಗ ಗಾಡಿಯನ್ನೊಮ್ಮೆ ನೋಡಿ ಓಡಿಹೋದ. ಸೈಕಲ್ಲಿನ ಹಿಂದೆ ಕೂರಿಸಿ ದೊಡ್ಡ ರಸ್ತೆಯವರೆಗೆ ತಳ್ಳಿಕೊಂಡು ಹೋದರಂತೆ. ಅಲ್ಲಿ ಒಂದು ಲಾರಿ ಸಿಕ್ಕಿತಂತೆ. ಅವರು ಬದುಕಿದರು. ಬಲಗೈಯ ಎರಡು ಬೆರಳು ಹೋದವು. ಎರಡು ತಿಂಗಳ ಮೇಲೆ ಮತ್ತೆ ನಮ್ಮ ಹೊಲಕ್ಕೆ ಬಂದರು. ಉಳಿದ ಮೂರು ಬೆರಳಿನಲ್ಲಿ ಕುಡುಗೋಲು ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ನಾನು ಹಾಗೆ ಹೇಳಿದಾಗ ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅವರು ಅಣ್ಣನಿಗೂ ಹೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಆದರೆ ಮನೆಯಲ್ಲಿ ಯಾರಾದರೂ ನೆಂಟರ ಮುಂದೆ ನಾನು ಯೆಜ್ಡಿಯ ಪುರಾಣ ತೆಗೆದರೆ, “ಗಾಡಿ ಚೆನ್ನಾಗಿಯೇ ಇತ್ತು” ಎಂದು ಹೇಳಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ.

ಮಹಾಭಾರತದಲ್ಲಿ ಧರ್ಮರಾಯನ ರಥ ನೆಲದಿಂದ ನಾಲ್ಕಂಗುಲ ಮೇಲೆ ನಡೆಯುತ್ತಿತ್ತು. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಯಾರಿಗೂ ಕೇಳದಂತೆ ಗೊಣಗಿದ ಮೇಲೆ ಅದು ನೆಲಕ್ಕಿಳಿಯಿತು. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ಧರ್ಮರಾಯನಿಗೆ ಕೊಟ್ಟ ಶಿಕ್ಷೆ ಅತಿಯಾಯಿತೆನಿಸಿತ್ತು. ಅವನು ಆಡಿದ ಒಂದೊಂದು ಶಬ್ದವೂ ನಿಜವೇ ಅಲ್ಲವೆ? ಈಗ ಅನಿಸುವುದು, ಕಥೆ ಕಟ್ಟಿದವರು ಎಷ್ಟು ಸೂಕ್ಷ್ಮವಾಗಿ ಅಳೆದಿದ್ದಾರೆ ಎಂದು. ಅವರು ಶಬ್ದವನ್ನು ಅಳೆಯಲಿಲ್ಲ, ಯಾವುದನ್ನು ಗಟ್ಟಿಯಾಗಿ ಹೇಳಿದ, ಯಾವುದನ್ನು ಮೆಲ್ಲಗೆ ಹೇಳಿದ ಎಂಬುದನ್ನು ಅಳೆದರು. ನಾನಂತೂ ಗೊಣಗಲೂ ಇಲ್ಲ. ಮದ್ದೂರು ವಡೆಯನ್ನು ಗಟ್ಟಿಯಾಗಿ ಹೇಳಿದೆ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣವಿದೆ. ಯೆಜ್ಡಿ ಎಂಬ ಹೆಸರು 2022ರ ಜನವರಿಯಲ್ಲಿ ಹೊಸ ಗಾಡಿಗಳ ಮೇಲೆ ಮತ್ತೆ ಬಂತು. ಅವು ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. 334 ಸಿಸಿ, ನಾಲ್ಕು ಸ್ಟ್ರೋಕು, ನೀರಿನಿಂದ ತಣಿಯುವ ಎಂಜಿನ್ನು, ಕಿಕ್ಕರೇ ಇಲ್ಲ. ಕಳೆದ ವರ್ಷ ಅಂಥ ಒಂದು ಗಾಡಿ ನಮ್ಮ ಅಂಗಳಕ್ಕೆ ಬಂತು. ಬಂದ ಹುಡುಗ ಹೊಸೂರಿನಲ್ಲಿ ಕೆಲಸದಲ್ಲಿರುವವನು, ಆ ಎರಡು ಬೆರಳು ಹೋದವರ ಮೊಮ್ಮಗ. ಅಂಗಳದ ಆಚೆ ನಿಲ್ಲದೆ ನೇರ ಜಗುಲಿಗೆ ಬಂದು ಕೂತ. “ಹಳೇ ಯೆಜ್ಡಿ ನೋಡ್ಬೇಕು ಮಾವ, ಆ ಕಾಲದ ಕಥೆ ಹೇಳಿ” ಎಂದ. ಗೋಣಿಚೀಲ ಸರಿಸಿದೆ. ಕೋಲು ಮಡಚಿ ಕಿಕ್ಕರು ಮಾಡಿ ತೋರಿಸಿದೆ. ಚಿಕ್ಕ ಮಗುವಿನಂತೆ ಹಿಗ್ಗಿದ. ಮೈಸೂರಿನ ಕಥೆ ಶುರುಮಾಡಿದೆ, ವಡೆಯವರೆಗೂ ಬರಲಾಗಲಿಲ್ಲ. ಅವನೇ ಕೇಳಿದ, “ತಾತಂಗೆ ಹಾವು ಕಚ್ಚಿದ್ದೂ ಆಗಲೇ ಅಲ್ವಾ? ಅವತ್ತು ನಿಮ್ಮನೇಲಿ ಪೆಟ್ರೋಲ್ ಇರ್ಲಿಲ್ವಂತೆ, ತಾತ ಹೇಳವ್ರೆ.”

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಒಂದು ಕ್ಷಣ ನನಗೆ ಹಾಯೆನಿಸಿತೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಆಮೇಲೆ ಹೇಳಿದೆ: “ಇತ್ತಪ್ಪಾ. ಟ್ಯಾಂಕು ತುಂಬಾ ಇತ್ತು.”

ಅವನು ಟ್ಯಾಂಕಿನ ಮೇಲಿನ ಧೂಳನ್ನು ಕೈಯಿಂದ ಒರೆಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. “ಇದನ್ನ ತಾತಂಗೆ ನೀವೇ ಹೇಳಿ” ಎಂದ. ಅವನ ಗಾಡಿಯ ಹಿಂದೆಯೇ ಕೂತು ಹೋದೆ. ಎಂಬತ್ತು ದಾಟಿದ ಮುದುಕರು ಬೇವಿನ ಮರದ ಕೆಳಗೆ ಮಂಚದ ಮೇಲಿದ್ದರು. ನಾನು ಹೇಳಬೇಕಾದ್ದನ್ನು ಹೇಳಿದೆ, ಅಷ್ಟು ಚೆನ್ನಾಗಿಯೇನೂ ಹೇಳಲಿಲ್ಲ. ಅವರು ಕೇಳಿ, “ಗೊತ್ತಿತ್ತು” ಎಂದರು. “ನಿಮ್ಮಣ್ಣ ಬಂಕಿನಿಂದ ಬರೋದನ್ನ ಹೊಲದಿಂದ ನೋಡಿದ್ನಲ್ಲ.”

ಹಾಗಾದರೆ ಮನೆಯವರಿಗೆ ಪೆಟ್ರೋಲ್ ಇರಲಿಲ್ಲವೆಂದು ಏಕೆ ಹೇಳಿದಿರಿ ಎಂದು ಕೇಳಿದೆ. ನನ್ನ ಮಾನ ಉಳಿಸಿದರು, ಕ್ಷಮಿಸಿದರು ಎಂದು ದಾರಿಯುದ್ದಕ್ಕೂ ಒಳಗೊಳಗೇ ಅಂದುಕೊಂಡು ಬಂದಿದ್ದೆ.

“ಹುಡುಗ ಬಿಸಿ ರಕ್ತದವ್ನು. ನಿಮ್ಮ ಹೊಲಕ್ಕೆ ಅವ್ನೂ ಕೆಲ್ಸಕ್ಕೆ ಬರ್ಬೇಕಾಗಿತ್ತಲ್ಲ” ಎಂದರು.

ಅದಕ್ಕೆ ನನ್ನಲ್ಲಿ ಮಾತಿರಲಿಲ್ಲ. ನಾನು ಬಾಯಿಬಿಡದೆ ಇದ್ದದ್ದು ನನ್ನ ಸುಖಕ್ಕೆ. ಅವರು ಬಾಯಿಬಿಡದೆ ಇದ್ದದ್ದು ಹೊಟ್ಟೆಯ ಪಾಡಿಗೆ. ಎರಡು ಮನೆಗಳಲ್ಲಿ ಒಂದೇ ಸುಳ್ಳು ನಲವತ್ತು ವರ್ಷ ಬಾಳಿತು, ಆದರೆ ಅದಕ್ಕೆ ಬಾಡಿಗೆ ಕೊಟ್ಟವರು ಅವರು ಮಾತ್ರ. ಮರೆವು ಎಲ್ಲರಿಗೂ ಸಮನಾಗಿ ಸಿಗುವ ವಸ್ತುವಲ್ಲ ಎಂಬುದು ಆ ವಯಸ್ಸಿನಲ್ಲಿ ನನಗೆ ಹೊಸದಾಗಿ ಗೊತ್ತಾಯಿತು. ಹೊರಡುವಾಗ ಅವರು ಮೊಮ್ಮಗನ ಗಾಡಿ ತೋರಿಸಿ, “ಇದ್ರ ಸದ್ದು ಹಳೇದ್ರಂಗಿಲ್ಲ ಅಲ್ವಾ?” ಎಂದು ಕೇಳಿದರು. ಹೌದು, ಹಳೆಯದರ ಹಾಗಿಲ್ಲ ಎಂದೆ. ಅವರಿಗೂ ಆ ಸದ್ದು ಇಷ್ಟವಿತ್ತೆಂದು ಅಂದಿನವರೆಗೆ ನಾನು ಯೋಚಿಸಿರಲೇ ಇಲ್ಲ.

ಈಚೆಗೆ ಒಂದು ಭಾನುವಾರ ಟೀ ಅಂಗಡಿಯಲ್ಲಿ ಮೈಸೂರಿನ ಕಥೆ ಹೇಳೆಂದು ಕೇಳಿದರು. ಹಿಂದಿನ ಸಂಜೆಯಿಂದ ಶುರುಮಾಡಿದೆ. ಮುಗಿದಾಗ ಯಾರೂ ನಗಲಿಲ್ಲ. ಬುಲೆಟ್ಟಿನವರು, “ಆ ಕಾಲ ಹಂಗಿತ್ತು ಬಿಡಿ” ಎಂದರು. ಆ ಕಾಲದಲ್ಲೇ ಆ ಲಾರಿಯವನು ನಿಲ್ಲಿಸಿದನಲ್ಲ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಯಾರೋ ರಾಯಕೋಟೆ ಮಂಡಿಯಲ್ಲಿ ಟೊಮೆಟೊ ಬಾಕ್ಸಿಗೆ ಎಷ್ಟಾಯಿತೆಂದು ಕೇಳಿದರು.