ಹಳೆಯ ಕಾರಿಗೆ ಎಷ್ಟು ಖರ್ಚು ಮಾಡಬೇಕು?



ಹತ್ತು ವರ್ಷ ಓಡಿದ ಕಾರನ್ನು ಇನ್ನೊಂದು ಹತ್ತು ವರ್ಷ ಇಟ್ಟುಕೊಳ್ಳಬೇಕೆಂದು ನೀವು ನಿರ್ಧರಿಸಿದ್ದೀರಿ ಎಂದಿಟ್ಟುಕೊಳ್ಳಿ. ಗ್ಯಾರೇಜಿನವರು ಇಪ್ಪತ್ತು ಸಾವಿರದ ಪಟ್ಟಿ ಕೊಡುತ್ತಾರೆ. "ಮಾರಿದರೆ ಲಕ್ಷವೂ ಬಾರದ ಗಾಡಿಗೆ ಇಷ್ಟು ಸುರಿಯುವುದೇ?" ಎಂದು ಮನೆಯಲ್ಲಿ ಮಾತು ಏಳುತ್ತದೆ. ಮಾತೇನೋ ಸರಿಯೆಂದೇ ತೋರುತ್ತದೆ. ಆದರೆ ಮಾರುವ ಬೆಲೆ ಮಾರುವವನಿಗೆ ಅಳತೆಗೋಲು, ಇಟ್ಟುಕೊಳ್ಳುವವನಿಗಲ್ಲ. ಈ ಖರ್ಚಿನಿಂದ ಗಾಡಿ ಇನ್ನೆಷ್ಟು ವರ್ಷ ಬಾಳೀತು, ಬೇರೆ ಕಾರು ಕೊಂಡರೆ ತಿಂಗಳ ಕಂತು ಎಷ್ಟಾದೀತು ಎಂದು ಅವನು ನೋಡಬೇಕು.

ಹಾಗೆಂದು ಪಟ್ಟಿಯಲ್ಲಿರುವುದನ್ನೆಲ್ಲ ಮಾಡಿಸಬೇಕೇ? ಅತಿಯೂ ಬೇಡ, ಕೊರತೆಯೂ ಬೇಡ ಎಂದ ಅರಿಸ್ಟಾಟಲನು ತನ್ನ ನೀತಿಗ್ರಂಥದಲ್ಲಿ ಸ್ವಾರಸ್ಯವಾದ ಉದಾಹರಣೆಯೊಂದನ್ನು ಕೊಡುತ್ತಾನೆ. ಹತ್ತು ಅಳತೆ ಊಟ ಹೆಚ್ಚು, ಎರಡು ಅಳತೆ ಕಡಿಮೆ ಎಂದಮಾತ್ರಕ್ಕೆ ಆರು ಅಳತೆ ಎಲ್ಲರಿಗೂ ಸರಿಯಾಗದು. ಮೈಲೋ ಎಂಬ ಜಟ್ಟಿಗೆ ಅದು ಸಾಲದು, ಕಸರತ್ತು ಈಗಷ್ಟೇ ಆರಂಭಿಸಿದವನಿಗೆ ಅದೇ ಹೆಚ್ಚು. ಕಾರಿನ ವಿಷಯವೂ ಹೀಗೆಯೇ. ಬಾಡಿಗೆಗೆ ಓಡುವ ಗಾಡಿಗೆ ಕಿಲೋಮೀಟರ್ ಲೆಕ್ಕ ಸಾಕಾದೀತು. ವಾರಕ್ಕೊಮ್ಮೆ ಪೇಟೆಗೆ ತೆಗೆಯುವ ಗಾಡಿಗೆ ತಿಂಗಳ ಲೆಕ್ಕ ಬೇಕು. "ಓಡಿಯೇ ಇಲ್ಲವಲ್ಲ!" ಎನ್ನುವವರು ಬಹಳ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಆಯಿಲ್‌ನಲ್ಲಿ ತೇವ ಉಳಿಯುತ್ತದೆ. ರಬ್ಬರು ನಿಂತಲ್ಲೇ ಬಿರುಕು ಬಿಡುತ್ತದೆ. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿಗಳಿಗೆ ಕಾರಿನ ತಳದ ತಗಡು ತುಕ್ಕು ಹಿಡಿಯುವುದನ್ನಂತೂ ಹೇಳಬೇಕಾಗಿಲ್ಲ.

ಇಷ್ಟು ವಿವೇಕದ ಮಾತಾಯಿತು. ಆದರೆ ಪಟ್ಟಿಯ ಕೆಲವು ಸಾಲುಗಳು ವಿವೇಕಕ್ಕೆ ಮಾತ್ರವಲ್ಲ, ನ್ಯಾಯಕ್ಕೂ ಸೇರಿದವು. ಬಾಗಿಲಿನ ತಗ್ಗು, ಮಾಸಿದ ಬಣ್ಣ, ಹರಿದ ಸೀಟು, ಇವು ನಿಮ್ಮಿಷ್ಟ. ಬ್ರೇಕ್ ನಿಮ್ಮಿಷ್ಟವಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ತುಳಿದು ಬಿಸಿಯೇರಿದರೆ ಆ ಆಯಿಲ್ ಆವಿಯಾಗಬಹುದು. ಆಗ ಪೆಡಲ್ ಮೆತ್ತಗೆ ಒಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಿ ಎಂದು ಅನೇಕ ಕಂಪನಿಗಳು ಹೇಳುವುದು ಸುಮ್ಮನೆ ಅಲ್ಲ. ಟಯರಿನ ಹಲ್ಲು 1.6 ಮಿಲಿಮೀಟರಿಗಿಂತ ಸವೆದರೆ ಕಾನೂನೇ ಒಪ್ಪುವುದಿಲ್ಲ. ಹಲ್ಲು ಚೆನ್ನಾಗಿದ್ದರೂ ವಯಸ್ಸು ನೋಡಿ: ಟಯರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು.

ರಸ್ತೆಯಂಚಿನಲ್ಲಿ ಚೀಲ ಹೊತ್ತು ಶಾಲೆಗೆ ಹೋಗುವ ಮಗು ನಿಮ್ಮ ಮನೆಯ ಚರ್ಚೆಯಲ್ಲಿ ಕುಳಿತಿರಲಿಲ್ಲ. ಕಾರಿನ ಬೆಲೆ ಇಳಿದಂತೆ ಆ ಮಗುವಿನ ಜೀವದ ಬೆಲೆಯೂ ಇಳಿಯುತ್ತದೆಯೇ? 15 ವರ್ಷ ತುಂಬಿದಾಗ ಆರ್‌ಟಿಓ ಕಚೇರಿಯವರು ಗಾಡಿ ಪರೀಕ್ಷಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸುತ್ತಾರೆ, ನಿಜ. ಅದು ಅಂದಿನ ಸ್ಥಿತಿಗೆ ಕೊಟ್ಟ ಪತ್ರ. ಮುಂದಿನ ದಿನಗಳನ್ನು ನೋಡಿಕೊಳ್ಳುವವರು ನೀವೇ.

"ಫಾದರ್, ಒಂದೇ ಸಂಬಳದ ಮನೆ ನಮ್ಮದು" ಎನ್ನುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಬಣ್ಣ ಹಾಗೆಯೇ ಇರಲಿ, ಎಸಿ ಕೆಟ್ಟಿದ್ದರೆ ಕಿಟಕಿ ತೆರೆಯಿರಿ. ಬ್ರೇಕ್, ಟಯರ್, ಸ್ಟಿಯರಿಂಗ್, ದೀಪಗಳ ಕೆಲಸ ಮೊದಲಾಗಲಿ. ಅದಕ್ಕೂ ಈ ತಿಂಗಳು ಹಣ ಕೂಡದಿದ್ದರೆ ಕಾರು ಅಂಗಳದಲ್ಲೇ ನಿಂತಿರಲಿ. ಹಾಸನದ ಮದುವೆಗೆ ಬಸ್ಸಿನಲ್ಲಿ ಹೋಗಿಬನ್ನಿ.