ಕಡಿವಾಣ ಮೊದಲು ಯಾರಿಗೆ?

ಕಮಲಾಪುರದಿಂದ ಹಂಪೆಗೆ ಹೊರಟ ಭಕ್ತರು ಮಹಾನವಮಿ ದಿಬ್ಬದ ಬಳಿ ತುಸು ನಿಂತು ನೋಡಬೇಕು. ಅದರ ಕಲ್ಲುಗಳಲ್ಲಿ ಆನೆ ಒಂಟೆಗಳೊಡನೆ ಕುದುರೆಗಳನ್ನೂ, ಅವುಗಳನ್ನು ಹಿಡಿದು ನಡೆಸುವ ಜನರನ್ನೂ ಕೆತ್ತಿರುವರು. ವಿಜಯನಗರದ ಅರಸರು ಕಡಲಾಚೆಯಿಂದ ಕುದುರೆಗಳನ್ನು ತರಿಸುತ್ತಿದ್ದರು. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿದರೂ ಸಾಳುವ ನರಸಿಂಹನು ಬೆಲೆ ತೆರುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನ್ಯೂನಿಜನು 16ನೆಯ ಶತಮಾನದಲ್ಲಿ ಬರೆದಿರುವನು. ಹೊನ್ನು ಕೊಟ್ಟರೆ ಕುದುರೆ ದೊರೆಯಿತು. ಅದರ ನಂಬುಗೆಯನ್ನು ಮಾತ್ರ ಪ್ರತಿಯೊಬ್ಬ ರಾವುತನೂ ತಾನೇ ಗಳಿಸಬೇಕಾಗಿತ್ತು.

ಹೊಸದಾಗಿ ಸವಾರಿ ಕಲಿಯುವವನ ಪಾಡನ್ನು ನೋಡಿರಿ. ಕುದುರೆಯ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ನೇರ ಹಿಂದಿರುವುದು ಅದಕ್ಕೆ ಕಾಣದು. ಇದನ್ನರಿಯದೆ ಹಿಂದಿನಿಂದ ಬಂದವನಿಗೆ ಒದೆ ಬೀಳುವುದುಂಟು. ಅರಿತವನು ಹೆಗಲ ಕಡೆಯಿಂದ ಮೆಲ್ಲನೆ ಮಾತನಾಡುತ್ತ ಸಮೀಪಿಸುವನು. ಕಿವಿಗಳು ಮುಂದಾದರೆ ಎದುರಿನದನ್ನು ಗಮನಿಸುತ್ತಿದೆ, ಹಿಂದಕ್ಕೆ ಒತ್ತಿ ಮಲಗಿದರೆ ಮುನಿದಿದೆ ಎಂದು ತಿಳಿಯುವನು.

ನಿಜವಾದ ಪರೀಕ್ಷೆ ಹತ್ತಿ ಕುಳಿತ ಮೇಲೆ. ಅಂಜಿದವನು ಕಾಲುಗಳಿಂದ ಬಿಗಿಯಾಗಿ ಒತ್ತಿ, ಕೈಗಳಿಂದ ಲಗಾಮು ಜಗ್ಗುವನು. ಕಾಲು ‘ನಡೆ’ ಎನ್ನುವುದು, ಕೈ ‘ನಿಲ್ಲು’ ಎನ್ನುವುದು. ಎರಡು ಅಪ್ಪಣೆಗಳ ನಡುವೆ ಸಿಕ್ಕ ಮೂಕಪ್ರಾಣಿ ಕಂಗೆಟ್ಟು ತಲೆ ಕೊಡಹಿದರೆ ‘ಹಟಮಾರಿ’ ಎಂದು ಬಯ್ಯುವನು. ಕಬ್ಬಿಣದ ಕಡಿವಾಣವು ಹಲ್ಲಿಲ್ಲದ ಮೆತ್ತನೆಯ ವಸಡಿನ ಮೇಲಿದೆಯೆಂಬುದನ್ನು ಆಗ ಮರೆಯುವನು.

ಸ್ವೀಡನ್ ದೇಶದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಮನನೀಯ. ಕುದುರೆಗಳನ್ನು ನಾಲ್ಕು ಸಲ ಒಂದೇ ಹಾದಿಯಲ್ಲಿ ನಡೆಸಬೇಕು; ನಾಲ್ಕನೆಯ ಸಲ ಕೊಡೆಯೊಂದು ಥಟ್ಟನೆ ಬಿಚ್ಚಿಕೊಳ್ಳುವುದೆಂದು ನಡೆಸುವವರಿಗೆ ಮೊದಲೇ ಹೇಳಲಾಗಿತ್ತು. ಕೊಡೆ ಬಿಚ್ಚಲೇ ಇಲ್ಲ. ಆದರೂ ಕಾದಿದ್ದ ಮನುಷ್ಯನ ಎದೆಬಡಿತ ಏರಿತು. ಏನೂ ಅರಿಯದ ಕುದುರೆಯ ಎದೆಬಡಿತವೂ ಏರಿತು! ಬಾಯಿ ಆಡದ ಭಯವನ್ನು ಮೈ ಆಡಿತ್ತು; ಕುದುರೆ ಅದನ್ನು ಕೇಳಿಸಿಕೊಂಡಿತ್ತು.

ನಡೆ ನುಡಿಗಳು ಒಂದಾಗಬೇಕೆಂದು ಶರಣರು ಬೋಧಿಸಿದುದರ ಮರ್ಮವು ಇಲ್ಲಿ ಸ್ಪಷ್ಟವಾಗುವುದು. ಬಾಯಲ್ಲಿ ಸಮಾಧಾನ, ಮೈಯಲ್ಲಿ ಕಳವಳವಿದ್ದರೆ ಪಶುವೂ ನಂಬದು. ಬಲ್ಲ ಗುರುವು ಶಿಷ್ಯನ ಕೈಗೆ ಮೊದಲು ಚಾವಟಿ ಕೊಡುವುದಿಲ್ಲ. ‘ಉಸಿರು ಬಿಡು, ಹಿಮ್ಮಡಿ ಇಳಿಸು, ಕೈ ಹಗುರ ಮಾಡು’ ಎನ್ನುವನು. ಸವಾರನು ತನ್ನೊಳಗೆ ಸಡಿಲವಾದಂತೆ ಕುದುರೆಯೂ ಕೊರಳು ತಗ್ಗಿಸಿ ಹದವಾದ ಹೆಜ್ಜೆ ಇಡುವುದು.

ಕುದುರೆಯಿಲ್ಲದ ಗೃಹಸ್ಥನಿಗೆ ಇದರಿಂದೇನು ಎನ್ನಬಾರದು. ಹೊಲದಲ್ಲಿ ಎತ್ತುಂಟು, ಮನೆಯಲ್ಲಿ ಮಕ್ಕಳುಂಟು. ‘ಬಾ’ ಎಂದು ಕರೆದು ಕಣ್ಣು ಕೆಂಪಾಗಿಸಿದರೆ ಕೂಸು ಹೇಗೆ ಬಂದೀತು? ನಮ್ಮ ಕೈಯಲ್ಲಿ ಲಗಾಮಿರುವಾಗ ಇನ್ನೊಂದು ಜೀವದ ಬಾಯಿ ಅದರ ತುದಿಯಲ್ಲಿರುವುದು. ಆದಕಾರಣ ಕಡಿವಾಣವನ್ನು ಮೊದಲು ತನ್ನ ಮನಕ್ಕೆ ತೊಡಿಸಿಕೊಂಡವನೇ ದಯಾವಂತನು, ಅವನೇ ರಾವುತನು.