ಮೊಣಕಾಲುದ್ದದ ಸಮುದ್ರ

ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು. ಈ ಗಾದೆಯನ್ನು ಎರಡು ಬಗೆಯಲ್ಲಿ ಬಿಡಿಸುತ್ತಾರೆ. ಪುಣ್ಯಸ್ನಾನಕ್ಕೆ ಹೋದವನಿಗೆ ಒಂದು ಮುಳುಗು ಹಾಕುವಷ್ಟೂ ನೀರು ಸಿಗಲಿಲ್ಲ ಎಂಬುದು ಒಂದು. ಬದುಕು ಸಾಕಾಗಿ ಹೋದವನಿಗೆ ಸಾಯುವಷ್ಟೂ ಸಿಗಲಿಲ್ಲ ಎಂಬುದು ಇನ್ನೊಂದು. ಹೇಗೆ ಬಿಡಿಸಿದರೂ ಮೊಣಕಾಲುದ್ದ ನೀರೆಂದರೆ ಖೊಟ್ಟಿ ನಸೀಬು. ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ಹಳೆಯ ಆಲ್ಬಮ್ ತೆರೆದಾಗಲೆಲ್ಲ ನನಗೆ ಈ ತೀರ್ಪಿನ ಮೇಲೆ ಗುಮಾನಿ ಬರುತ್ತದೆ.

ಮದುವೆ, ಕುಬಸ, ಜಾವಳದ ಫೋಟೊಗಳ ನಡುವೆ ಎಲ್ಲೋ ಒಂದು ಹಾಳೆ ಸಮುದ್ರದ್ದು. ಹೆಚ್ಚಾಗಿ ಗೋಕರ್ಣ, ಇಲ್ಲವೇ ಮುರ್ಡೇಶ್ವರ. ಕಲಬುರಗಿ, ವಿಜಯಪುರ, ಹುಬ್ಬಳ್ಳಿ ದಾಟಿ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಕುಲುಕಾಡಿ ಬಂದ ಜನ. ಗಂಡಸರು ಪ್ಯಾಂಟು ಮಡಚಿದ್ದಾರೆ, ಹೆಂಗಸರು ನಿರಿಗೆ ಎತ್ತಿ ಹಿಡಿದಿದ್ದಾರೆ. ಬೆನ್ನು ಸಮುದ್ರಕ್ಕೆ, ಮುಖ ಕ್ಯಾಮೆರಾಕ್ಕೆ, ನೀರು ಎಲ್ಲರಿಗೂ ಮೊಣಕಾಲ ಮಟ್ಟ. ರೀಲಿನಲ್ಲಿ ಇದ್ದದ್ದು 36 ಫೋಟೊ, ಉಡುಪಿ ಧರ್ಮಸ್ಥಳಕ್ಕೂ ಉಳಿಸಬೇಕು. ಹಾಗಾಗಿ ಅರಬ್ಬಿ ಸಮುದ್ರಕ್ಕೆ ಸಿಕ್ಕಿದ್ದು ಎರಡೋ ಮೂರೋ. ಹಿಂದೆ ತಾರೀಖು ಬರೆದಿರುವುದಿಲ್ಲ. ಮುರ್ಡೇಶ್ವರದ ಗುಡಿ ಇದೆ, ಇಪ್ಪತ್ತು ಅಂತಸ್ತಿನ ರಾಜಗೋಪುರ ಇಲ್ಲ ಎಂದರೆ 2008ಕ್ಕಿಂತ ಹಿಂದಿನದು ಎಂದು ಲೆಕ್ಕ ಹಾಕಬೇಕು.

ಇನ್ನೂ ಹಳೆಯ, ಎಪ್ಪತ್ತು ಎಂಬತ್ತರ ದಶಕದ ಕಲರ್ ಪ್ರಿಂಟುಗಳದ್ದು ಬೇರೆಯೇ ಕಥೆ. ಆ ಕಾಲದ ಕಾಗದದಲ್ಲಿ, ಕತ್ತಲೆಯ ಪೆಟ್ಟಿಗೆಯೊಳಗಿಟ್ಟರೂ, ಮೊದಲು ಮಾಸುತ್ತಿದ್ದುದು ಹಸಿರು ನೀಲಿಯ ಬಣ್ಣ. ಉಳಿಯುವುದು ಕೆಂಪು. ಅಷ್ಟು ದೂರ ಹೋಗಿ ನೋಡಿದ ನೀಲಿ, ಅಲಮಾರಿಯಲ್ಲಿ ಕೂತು ಕೂತು ಬೀದರಿನ ಜಂಬಿಟ್ಟಿಗೆಯಂತಾಗಿದೆ.

ಈ ಊರು ಒಮ್ಮೆ ಸಮುದ್ರವನ್ನು ಆಳಿತ್ತು ಎಂದರೆ ಇವತ್ತು ನಗು ಬರಬಹುದು. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು ಬೀದರಿನ ಬಹಮನಿಗಳ ವಜೀರನಾದ ಮಹಮೂದ್ ಗವಾನ್, 1472ರಲ್ಲಿ ಗೋವಾವನ್ನು ಗೆದ್ದುಕೊಂಡ. ಬೀದರಿನಲ್ಲಿ ಅವನ ಮದರಸಾ ಎದ್ದು ನಿಂತದ್ದೂ ಅದೇ ವರ್ಷ. ರಷ್ಯಾದ ತ್ವೆರ್ ಊರಿನ ಅಫಾನಾಸಿ ನಿಕಿತಿನ್ ಮಾರಲೆಂದು ಒಂದು ಕುದುರೆ ಕರೆದುಕೊಂಡು ಚೌಲ್ ಬಂದರಿನಲ್ಲಿ ಇಳಿದು ಬೀದರಿಗೆ ಬಂದ, ಮುಂದೆ ದಾಭೋಲಿನಲ್ಲಿ ಹಡಗು ಹತ್ತಿ ಹೊರಟ. ಇವರಿಗೆಲ್ಲ ನೀರು ಆಳ ಇರಲೇಬೇಕಿತ್ತು. ಮೊಣಕಾಲುದ್ದ ನೀರಿನಲ್ಲಿ ಕುದುರೆ ತುಂಬಿದ ಹಡಗು ತೇಲೀತೇ? ಗಾದೆಯ ಅಳತೆಗೋಲೂ ಇಂಥವರದೇ ಎಂದು ನನ್ನ ಅನುಮಾನ. ಸಮುದ್ರದಿಂದ ಏನಾದರೂ ಪಡೆಯಬೇಕೆಂದು ಹೋದವನಿಗೆ ಮಾತ್ರ ಆಳ ಕಡಿಮೆ ಎನಿಸುತ್ತದೆ, ಅದು ಪುಣ್ಯವಾಗಲಿ ಸಾವಾಗಲಿ ಲಾಭವಾಗಲಿ. ಆಲ್ಬಮ್ಮಿನ ಜನ ಕೇಳಲು ಹೋದವರಲ್ಲ, ನೋಡಲು ಹೋದವರು.

ಆ ಮೊಣಕಾಲ ಮಟ್ಟದಲ್ಲೇ ನಿಲ್ಲುವುದು ಎಷ್ಟು ಕಷ್ಟ ಎಂಬುದೂ ಗೊತ್ತಾಗಿದೆ. 2024ರ ಡಿಸೆಂಬರಿನಲ್ಲಿ ಮುಳಬಾಗಿಲಿನಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ಮುರ್ಡೇಶ್ವರದಲ್ಲಿ ಅಲೆಗೆ ಸಿಕ್ಕಿ ತೀರಿಕೊಂಡರು. ಅವರೂ ನಮ್ಮ ಮಕ್ಕಳ ಹಾಗೆಯೇ ಬಯಲುಸೀಮೆಯವರು. ಕಾಲ ಕೆಳಗಿನ ಮರಳು ಸರಿಯುತ್ತದೆ, ಹೋದ ಅಲೆ ಹಿಂದಕ್ಕೆ ಎಳೆಯುತ್ತದೆ ಎಂಬುದನ್ನು ಬಾವಿ ಕೆರೆಗಳಲ್ಲಿ ಯಾರೂ ಕಲಿಯಲಾರರು. ಆ ಸುದ್ದಿ ಓದಿದ ಮೇಲೆ, ಮೊಣಕಾಲುದ್ದ ನೀರು ಸಿಕ್ಕವರನ್ನು ಪಾಪಿ ಎನ್ನಲು ಬಾಯಿ ಬರುವುದಿಲ್ಲ.

ಹಾಗೆಂದು ಬೀದರಿನವರು ನೀರಿಗೆ ಹೆದರುವವರೂ ಅಲ್ಲ. ಊರ ಹೊರಗಿನ ನರಸಿಂಹ ಝರಣಿಯಲ್ಲಿ ದೇವರ ಹತ್ತಿರ ಹೋಗಬೇಕಾದರೆ ಸುಮಾರು 300 ಮೀಟರ್ ಸುರಂಗದಲ್ಲಿ ಎದೆಮಟ್ಟದ ನೀರನ್ನು ಹಾಯಬೇಕು. ಮೇಲೆ ಬಾವಲಿಗಳು ನೇತಾಡುತ್ತಿರುತ್ತವೆ. ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಾರೆ, ಮುದುಕಿಯರೂ ಹೋಗುತ್ತಾರೆ. ನಮ್ಮ ನೆಂಟರಲ್ಲೊಬ್ಬ ಅಜ್ಜಿ ಅಲ್ಲಿಗೆ ಎಷ್ಟು ಸಲ ಹೋಗಿಬಂದಿದ್ದಳೋ. ಗೋಕರ್ಣದ ಫೋಟೊದಲ್ಲಿ ಮಾತ್ರ ಎಲ್ಲರ ಚಪ್ಪಲಿ ಕಾಯುತ್ತ ಮರಳ ಮೇಲೆ ಕೂತಿದ್ದಾಳೆ. “ಝರಣಿಗಿ ಹೋಗ್ತಿ, ಇಲ್ಲಿ ಯಾಕ್ ಅಂಜಿದಿ ಅಮ್ಮಾ?” ಎಂದು ಮೊಮ್ಮಕ್ಕಳು ಆ ಫೋಟೊ ತೋರಿಸಿ ಕಾಡಿಸಿದರೆ ಅವಳದು ಒಂದೇ ಜವಾಬು: “ಅಲ್ಲಿ ಒಳಗ ನರಸಿಂಹ ಇದ್ದಾನ. ಇಲ್ಲಿ ಒಳಗ ಹೋಗಿ ಯಾರಿಗಿ ನೋಡ್ಲಿ?”